ಪಿಸುಗುಟ್ಟಿದ್ದು ಮಾತಲ್ಲ

ಮೊನ್ನೆ ಪಕ್ಕದ ಮನೆಯ ಹುಡುಗಿ ನೋಟ್‌ಬುಕ್ಕು ಹಿಡಿದುಕೊಂಡು ಬಂದಳು. ‘ಪಿಸುಗುಟ್ಟು’ ಎಂಬ ಪದಕ್ಕೆ ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಉಪಯೋಗಿಸಬೇಕಂತೆ. ‘ಮೆಲ್ಲನೆಯ ದನಿಯಲ್ಲಿ ಮಾತನಾಡು’ ಎಂದು ಬರೆಸಿ, ಒಂದು ಬಡಪಾಯಿ ವಾಕ್ಯ ಹೇಳಿ ಕಳಿಸಿಬಿಡಬಹುದಿತ್ತು. ಆದರೆ ಮೇಷ್ಟರ ಕೆಲಸ ಮಾಡಿ ನಿವೃತ್ತಿಯಾದವರ ಹತ್ತಿರ ಅರ್ಥ ಕೇಳಲು ಬರುವುದೇ ತಪ್ಪು. ಕೈಗೆ ಸಿಕ್ಕ ವಿದ್ಯಾರ್ಥಿಯನ್ನು ನಾವು ಸುಲಭವಾಗಿ ಬಿಡುವುದಿಲ್ಲ. “ಬರೆದುಕೋ” ಎಂದೆ. “ಪಿಸುಗುಟ್ಟು ಎಂದರೆ ಗಂಟಲು ನಡುಗಿಸದೆ ಹೇಳು. ವಾಕ್ಯ: ನಮ್ಮಜ್ಜಿ ತಿಂಗಳಿಗೆ ನಾಲ್ಕು ದಿನ ಮಾತು ಬಿಟ್ಟು ಪಿಸುಗುಟ್ಟುತ್ತಿದ್ದಳು.”

ಮಾರನೆಯ ದಿನ ಹುಡುಗಿ ಮುಖ ಊದಿಸಿಕೊಂಡು ಬಂದಳು. ವಾಕ್ಯದ ಪಕ್ಕದಲ್ಲಿ ಕೆಂಪು ಶಾಯಿಯ ಪ್ರಶ್ನೆ ಚಿಹ್ನೆ. ಅದರ ಕೆಳಗೆ, ‘ಪಿಸುಗುಟ್ಟುವುದೂ ಮಾತೇ ಅಲ್ಲವೆ?’ ಎಂದು ಅವಳ ಮೇಡಂ ಬರೆದಿದ್ದರು. ನನಗೆ ನಗು ಬಂತು. ಇದೇ ಪ್ರಶ್ನೆಯನ್ನು ಒಮ್ಮೆ ಹಳೇಬೀಡಿನ ಬಸದಿಯಲ್ಲಿ ಪಂಡಿತರೊಬ್ಬರು ನಮ್ಮಜ್ಜಿಗೆ ಕೇಳಿ, ಪಡಬಾರದ ಪಾಡು ಪಟ್ಟಿದ್ದರು. ಆ ಮೇಡಮ್ಮಿನ ಹತ್ತಿರ ಹೋಗಿ ಇದನ್ನೆಲ್ಲ ಹೇಳುವಷ್ಟು ಕಾಲಿನಲ್ಲಿ ಶಕ್ತಿಯಿಲ್ಲ. ಹಾಗಾಗಿ ನೀವು ಕೇಳಬೇಕಾಗಿದೆ.

ಹಳೇಬೀಡಿನಲ್ಲಿ ನಮ್ಮದು ಬಸದಿಗಳ ಹತ್ತಿರವೇ ಇದ್ದ ಜೈನರ ಮನೆ. ಒಂದಿಷ್ಟು ತೆಂಗು, ಹುಲಿಕೆರೆ ದಾರಿಯಲ್ಲಿ ಗದ್ದೆ, ಜೊತೆಗೆ ತಾತನ ಕೊಬ್ಬರಿ ವ್ಯಾಪಾರ. ತಾತ ವಾರಕ್ಕೊಮ್ಮೆ ಗಾಡಿ ಕಟ್ಟಿಸಿಕೊಂಡು ಅರಸೀಕೆರೆಯ ಮಂಡಿಗೆ ಹೋಗುತ್ತಿದ್ದರು. ಅಲ್ಲಿನ ಗದ್ದಲದಲ್ಲಿ ಕೂಗಿ ಕೂಗಿ ಅವರ ಗಂಟಲು ಅದೇ ಅಳತೆಗೆ ನಿಂತುಹೋಗಿತ್ತು. ಮನೆಯಲ್ಲಿ ಕೂತು ಉಪ್ಪು ಕೇಳಿದರೂ ಬೀದಿಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಗುಟ್ಟು ಹೇಳಬೇಕೆಂದು ಅವರು ಯಾರನ್ನಾದರೂ ಪಕ್ಕಕ್ಕೆ ಕರೆದರೆ ಸುತ್ತಮುತ್ತಲಿನವರು ಕೈಕೆಲಸ ನಿಲ್ಲಿಸಿ ಕಿವಿ ಕೊಡುತ್ತಿದ್ದರು. ಯಜಮಾನರ ಪಿಸುಮಾತು ಮಾದಿಹಳ್ಳಿಗೆ ಕೇಳುತ್ತದೆ ಎಂದು ನಮ್ಮ ಗಾಡಿ ಹೊಡೆಯುವ ಕೆಂಚಯ್ಯ ಹೇಳುತ್ತಿದ್ದ. ಅದು ಉತ್ಪ್ರೇಕ್ಷೆ. ಮಾದಿಹಳ್ಳಿಗೆ ಅರ್ಧ ದಾರಿ ಎಂದರೆ ನಾನು ಒಪ್ಪುತ್ತೇನೆ.

ಅಜ್ಜಿ ದನಿಯಲ್ಲಿ ತಾತನಷ್ಟಲ್ಲದಿದ್ದರೂ ಮಾತಿನಲ್ಲಿ ಅವರಿಗಿಂತ ಹೆಚ್ಚು. ಬೆಳಗ್ಗೆ ಬಾಗಿಲು ತೆಗೆದಾಗ ಶುರುವಾದರೆ ಸಂಜೆ ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂತಾಗ ಮಾತ್ರ ನಿಲ್ಲುತ್ತಿತ್ತು. ಹೀಗಿರಲು, ನನಗೆ ಏಳು ವರ್ಷವಾಗಿದ್ದಾಗ ಮಳೆಗಾಲ ಕಳೆಯಲೆಂದು ಮುನಿಗಳೊಬ್ಬರು ಆ ಕಡೆ ಬಂದು ನಿಂತಿದ್ದರು. ಅವರು ಹೊರಡುವಾಗ ಊರಿನವರೆಲ್ಲ ಒಂದೊಂದು ನೇಮ ತೆಗೆದುಕೊಂಡರು. ಒಬ್ಬರು ಬದನೆಕಾಯಿ ಬಿಟ್ಟರು, ಇನ್ನೊಬ್ಬರು ಕೋಪ ಬಿಟ್ಟು ಮೂರನೆಯ ದಿನ ಮತ್ತೆ ಹಿಡಿದರು. ಅಜ್ಜಿ ಎದ್ದು ನಿಂತು, ಪ್ರತಿ ಅಷ್ಟಮಿ, ಚತುರ್ದಶಿಯ ದಿನ ಮೌನವಾಗಿರುತ್ತೇನೆ, ಜೀವ ಇರುವ ತನಕ, ಎಂದುಬಿಟ್ಟಳು. ಆ ಕ್ಷಣ ತಾತನ ಮುಖ ಹೇಗೆ ಅರಳಿತೆಂದು ನೋಡಿದವರು ಬಹಳ ದಿನ ಹೇಳಿಕೊಂಡು ನಗುತ್ತಿದ್ದರು.

ತಿಂಗಳಿಗೆ ಎರಡು ಅಷ್ಟಮಿ, ಎರಡು ಚತುರ್ದಶಿ. ನಾಲ್ಕು ದಿನವೆಂದರೆ ಲೆಕ್ಕಕ್ಕೆ ಸಣ್ಣದು, ನಮ್ಮಜ್ಜಿಗೆ ಅದು ನಾಲ್ಕು ಯುಗ. ಮೊದಲನೆಯ ಅಷ್ಟಮಿಯ ದಿನ ಬೆಳಗ್ಗೆ ಏನೂ ತೊಂದರೆಯಾಗಲಿಲ್ಲ. ಒಂಬತ್ತು ಗಂಟೆಯ ಸುಮಾರಿಗೆ ಕರು ಹಗ್ಗ ಬಿಚ್ಚಿಕೊಂಡು ಹಿತ್ತಲಿನ ಸೊಪ್ಪಿನ ಪಾತಿಗೆ ನುಗ್ಗಿತು. ಅಜ್ಜಿ ಕೈ ಬೀಸಿದಳು, ಕಾಲು ಅಪ್ಪಳಿಸಿದಳು, ಕಣ್ಣಲ್ಲೇ ಕೂಗಿದಳು. ಯಾರಿಗೂ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ನನ್ನನ್ನು ಎಳೆದುಕೊಂಡು ಕಿವಿಗೆ ಬಾಯಿಟ್ಟು, “ಕರು” ಎಂದಳು. ಉಸಿರಿನಷ್ಟೇ ಇತ್ತು. ನಾನು ಓಡಿಹೋಗಿ ಕರು ಹಿಡಿದೆ. ವಾಪಸು ಬಂದಾಗ ಅಜ್ಜಿ ಕಂಬಕ್ಕೆ ಒರಗಿ ಏನೋ ದೊಡ್ಡ ವಿಷಯ ಯೋಚಿಸುತ್ತ ಕೂತಿದ್ದಳು. ನನ್ನ ಬೆರಳು ತೆಗೆದು ತನ್ನ ಗಂಟಲ ಮೇಲಿಟ್ಟುಕೊಂಡು ಮತ್ತೊಮ್ಮೆ “ಕರು” ಎಂದಳು. ಗಂಟಲು ಅಲುಗಲಿಲ್ಲ. ಅವತ್ತು ಮಧ್ಯಾಹ್ನದ ಹೊತ್ತಿಗೆ ಮನೆಯ ಎಲ್ಲ ಕೆಲಸವೂ ಎಂದಿನಂತೆ, ಆದರೆ ನನ್ನ ಕಿವಿಯ ಮೂಲಕ ನಡೆಯತೊಡಗಿತು.

ಸುದ್ದಿ ಪಂಡಿತರಿಗೆ ಮುಟ್ಟಿತು. ನವಮಿಯ ದಿನ ಬಸದಿಯಲ್ಲಿ ಅಭಿಷೇಕ ಮುಗಿದ ಮೇಲೆ, ಹತ್ತು ಜನರ ಎದುರು, ಪಿಸುಗುಟ್ಟುವುದೂ ಮಾತೇ ಅಲ್ಲವೇನಮ್ಮ ಎಂದು ಕೇಳಿದರು. ನವಮಿಯಾದ್ದರಿಂದ ಅಜ್ಜಿಗೆ ಪೂರ್ತಿ ದನಿ ಇತ್ತು. “ಪಿಸುಗುಟ್ಟಿದ್ದು ಮಾತಲ್ಲ ಪಂಡಿತರೇ” ಎಂದಳು. “ಗಂಟಲ ಮೇಲೆ ಬೆರಳಿಟ್ಟು ನೋಡ್ಕೊಳ್ಳಿ. ಮಾತಾಡಿದ್ರೆ ನಡುಗುತ್ತೆ, ಪಿಸುಗುಟ್ಟಿದ್ರೆ ನಡುಗೋದಿಲ್ಲ. ಅದು ಬರೀ ಉಸಿರು. ಉಸಿರಾಡಬಾರದು ಅಂತ ಯಾವ ವ್ರತದಲ್ಲಿದೆ?”

ಪಂಡಿತರು ಗಂಟಲ ಮೇಲೆ ಬೆರಳಿಟ್ಟುಕೊಂಡು ಮೊದಲು ಜೋರಾಗಿ, ಆಮೇಲೆ ಪಿಸುದನಿಯಲ್ಲಿ ಒಂದು ಸ್ತೋತ್ರದ ಸಾಲು ಹೇಳಿಕೊಂಡರು. ಅವರನ್ನು ನೋಡಿ ಉಳಿದವರೂ ಹೇಳಿಕೊಂಡರು. ಆ ಬಸದಿಯ ಕಂಬಗಳು ಕನ್ನಡಿಯ ಹಾಗೆ ನುಣುಪು. ಹತ್ತು ಜನ ಗಂಟಲು ಹಿಡಿದುಕೊಂಡು ಪಿಸಪಿಸ ಎನ್ನುವುದು ಅದರಲ್ಲಿ ಕಾಣುತ್ತಿತ್ತು. ಮುಖಾಮುಖಿ ಯಾರೂ ನಗಲಿಲ್ಲ. ಪಂಡಿತರು ಉತ್ತರ ಹೇಳದೆ ಮನೆಗೆ ಹೋದರು. ಉತ್ತರ ಬರಲಿಲ್ಲವೆಂದರೆ ತೀರ್ಪು ತನ್ನ ಕಡೆಗೇ ಆಯಿತೆಂದು ಅಜ್ಜಿ ತಿಳಿದುಕೊಂಡಳು. ಅಲ್ಲಿಂದ ಮುಂದೆ ಚೇಳು ಕುಟುಕಿದರೂ, ಅದೂ ಒಂದು ಚತುರ್ದಶಿಯ ದಿನವೇ ಕುಟುಕಿತ್ತು, ಅಜ್ಜಿ ಪಿಸುದನಿಯಲ್ಲೇ ಅಯ್ಯೋ ಎಂದಳು.

ಕನ್ನಡದಲ್ಲಿ ದನಿ ತಗ್ಗಿಸುವುದಕ್ಕೆ ಎಷ್ಟೊಂದು ಪದಗಳಿವೆ ನೋಡಿ. ಒಬ್ಬರೇ ಇದ್ದರೆ ಗೊಣಗಬಹುದು. ನಮ್ಮಪ್ಪ ಅದರಲ್ಲಿ ಪಳಗಿದವರು. ತಾತನ ಎದುರು ಹೂಂ ಎನ್ನುತ್ತಿದ್ದರು, ಗದ್ದೆಯ ಬದುವಿನ ಮೇಲೆ ಗೊಣಗುತ್ತಿದ್ದರು. ಪಿಸುಗುಟ್ಟಲು ಇನ್ನೊಬ್ಬರ ಕಿವಿ ಬೇಕು. ಗುಸುಗುಸುವಿಗೆ ಕನಿಷ್ಠ ಮೂರು ಜನ, ಜೊತೆಗೆ ಅಲ್ಲಿ ಇಲ್ಲದ ನಾಲ್ಕನೆಯವರೊಬ್ಬರು ಬೇಕೇ ಬೇಕು. ಬಾವಿಕಟ್ಟೆಯಲ್ಲಿ ನಡೆಯುತ್ತಿದ್ದದ್ದು ಗುಸುಗುಸು. ನಾವು ಮಕ್ಕಳು ಹತ್ತಿರ ಹೋದರೆ ಅದು ನಿಂತು ಎಲ್ಲರೂ ಹವೆಯ ವಿಚಾರ ಮಾತಾಡುತ್ತಿದ್ದರು. ಕಿವಿಮಾತು ಎಂಬುದು ದೊಡ್ಡವರ ಸೊತ್ತು, ಅದನ್ನು ಯಾಕೋ ಯಾವಾಗಲೂ ಜೋರಾಗಿಯೇ ಹೇಳುತ್ತಾರೆ. ನಾನು ಶಾಲೆಯಲ್ಲಿ ಪಾಠ ಮಾಡುವಾಗ ಹಿಂದಿನ ಬೆಂಚಿನವರಿಗೆ ಗುಸುಗುಸು ಬೇಡ ಎನ್ನುತ್ತಿದ್ದೆನೇ ಹೊರತು ಪಿಸುಗುಟ್ಟಬೇಡಿ ಎಂದವಳಲ್ಲ. ಆ ಪದಕ್ಕೆ ನಮ್ಮ ಮನೆಯಲ್ಲಿ ಬೇರೆಯೇ ಒಂದು ಗೌರವವಿತ್ತು.

ಇನ್ನು ನನ್ನ ಕೆಲಸದ ವಿಷಯ. ಅಜ್ಜಿಯ ಪಿಸುದನಿ ಒಂದು ಮೊಳ ದಾಟುತ್ತಿರಲಿಲ್ಲ. ಅದನ್ನು ಕಿವಿಗೆ ತುಂಬಿಕೊಂಡು ಹಜಾರಕ್ಕೆ, ಹಿತ್ತಲಿಗೆ, ಬೇಕಾದರೆ ಬೀದಿಗೆ ಕೂಗುವುದು ನಾನು. ಮೊದಮೊದಲು ಬಹಳ ಪ್ರಾಮಾಣಿಕಳಾಗಿದ್ದೆ. ಒಂದು ಅಷ್ಟಮಿಯ ದಿನ ಬೇಲೂರಿನಿಂದ ನೆಂಟರೊಬ್ಬರು ಬಂದು ಕೂತವರು ಏಳಲೇ ಇಲ್ಲ. ಅಜ್ಜಿ ನನ್ನ ಕಿವಿಯಲ್ಲಿ ಏನೋ ಹೇಳಿದಳು. ನಾನು ಹಜಾರಕ್ಕೆ ಹೋಗಿ, ಇವರಿಗೆ ಮಜ್ಜಿಗೆ ಕೊಟ್ಟು ಬೇಗ ಸಾಗಹಾಕಬೇಕಂತೆ ಎಂದು ಕೂಗಿದೆ. ನೆಂಟರು ಮಜ್ಜಿಗೆಗೂ ನಿಲ್ಲಲಿಲ್ಲ. ಅವತ್ತು ಅಜ್ಜಿ ನನ್ನ ಕಿವಿ ಹಿಂಡಿದಳು. ಕಿವಿ ಹಿಂಡಲು ಮೌನ ಅಡ್ಡಿಯಲ್ಲ.

ಪೂರ್ತಿ ಹೇಳಿದರೆ ಕಿವಿ ಹಿಂಡುತ್ತಾರೆಂದು ತಿಳಿದ ಮೇಲೆ ಅರ್ಧ ಹೇಳತೊಡಗಿದೆ. ಅರ್ಧ ಹೇಳುವುದು ಅಭ್ಯಾಸವಾದ ಮೇಲೆ ಉಳಿದರ್ಧದ ಜಾಗ ಖಾಲಿ ಯಾಕಿರಬೇಕು ಎನಿಸಿತು. ಹೀಗೆ, ಅಮ್ಮ ಕೊಬ್ಬರಿ ಮಿಠಾಯಿ ಮಾಡಿದ ದಿನ ಅದರಲ್ಲಿ ಎರಡು ನನಗೆ ಸಲ್ಲಬೇಕೆಂದು ಅಜ್ಜಿ ಹೇಳಿದಳು. ಅಂದರೆ ನಾನು ಹೇಳಿದೆ. ಯಾರೂ ಅನುಮಾನಪಡಲಿಲ್ಲ. ಅದೇ ಧೈರ್ಯದ ಮೇಲೆ ಮುಂದಿನ ಚತುರ್ದಶಿಗೆ, ಅಜ್ಜಿ ಬಸದಿಗೆ ಹೋದ ಹೊತ್ತು ನೋಡಿ, ತಾತ ನನ್ನನ್ನು ಜಾವಗಲ್ಲಿನ ಸಂತೆಗೆ ಕರೆದುಕೊಂಡು ಹೋಗಬೇಕಂತೆ ಎಂದು ಕೂಗಿದೆ. ತಾತ ಪಾಪ, ಪಂಚೆ ಬದಲಾಯಿಸಿ ಗಾಡಿ ಕಟ್ಟಿಸಿ ಹೊರಟೇಬಿಟ್ಟರು. ಸಂತೆಯಲ್ಲಿ ನನಗೆ ಗಾಜಿನ ಬಳೆ, ಬೆಂಡು ಬತ್ತಾಸು ಎಲ್ಲ ಆಯಿತು. ಮಾರನೆಯ ಬೆಳಗ್ಗೆ ಅಜ್ಜಿಗೆ ದನಿ ಬಂದಾಗ ಮೊದಲ ಮಾತೇ, ನಿನ್ನೆ ಯಾರನ್ನು ಕೇಳಿ ಮಗುವನ್ನು ಬಿಸಿಲಲ್ಲಿ ಸಂತೆಗೆ ಕರೆದುಕೊಂಡು ಹೋದಿರಿ ಎಂದು. ತಾತ ಒಂದು ನಿಮಿಷ ನನ್ನನ್ನು ನೋಡಿದರು, ಆಮೇಲೆ ಚಾವಡಿ ಅದುರುವಂತೆ ನಕ್ಕರು. ಹೊಡೆಯಲಿಲ್ಲ, ಬೈಯಲೂ ಇಲ್ಲ. ಇನ್ನು ಮೇಲೆ ಇವಳು ತರುವ ಸುದ್ದಿಗೆಲ್ಲ ಸಾಕ್ಷಿ ಬೇಕು ಎಂದರು. ಅದನ್ನು ಅವರು ಮರೆಯುವವರಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಒಮ್ಮೆ ಬೇಲೂರಿಗೆ ಹೋಗಿದ್ದಾಗ ಗುಡಿಯ ಹೊರಗೋಡೆಯ ಮೇಲೆ ಗಿಳಿಯೊಂದಿಗೆ ಮಾತಾಡುತ್ತಿರುವ ಶಿಲಾಬಾಲಿಕೆಯನ್ನು ಯಾರೋ ತೋರಿಸಿದರು. ಎಲ್ಲರೂ ಅವಳ ಬಳೆ, ಸರ, ಮುಡಿ ನೋಡುತ್ತಿದ್ದರೆ ಅಜ್ಜಿ ಗಿಳಿಯನ್ನೇ ದಿಟ್ಟಿಸಿದಳು. ಇವಳೇನೋ ಗುಟ್ಟಾಗಿ ಹೇಳಿರುತ್ತಾಳೆ, ಅದು ಹೋಗಿ ಊರಿಗೆಲ್ಲ ತನಗೆ ಬೇಕಾದ ಹಾಗೆ ಹೇಳಿರುತ್ತದೆ ಎಂದು ನನ್ನ ಕಡೆ ನೋಡಿದಳು. ಆ ಗಿಳಿಯ ಮೇಲೆ ನನಗೆ ಇವತ್ತಿಗೂ ಒಂದು ಬಗೆಯ ಸಹೋದ್ಯೋಗಿಯ ಪ್ರೀತಿ.

ಇಷ್ಟು ಹೊತ್ತು ಅಜ್ಜಿಯ ಪಿಸುಮಾತನ್ನೇ ಹೇಳಿದೆ. ಆ ಮನೆಯಲ್ಲಿ ಇನ್ನೊಬ್ಬಳು ಪಿಸುಗುಟ್ಟುತ್ತಿದ್ದಳು, ನಮ್ಮಮ್ಮ. ಅವಳದು ನಾಲ್ಕು ದಿನದ ನೇಮವಲ್ಲ, ತಿಂಗಳ ಮೂವತ್ತು ದಿನ. ಮಾವನಿರುವ ಮನೆಯಲ್ಲಿ ಸೊಸೆಯ ದನಿ ಹಜಾರಕ್ಕೆ ಕೇಳಬಾರದು ಎಂಬುದು ಆಗಿನ ರೀತಿ. ತಾತ ಮಂಡಿಗೆ ಹೋದ ದಿನ ಬಿಟ್ಟರೆ ಸದಾ ಹಜಾರದಲ್ಲೇ. ಅವರಿಲ್ಲದ ದಿನವೂ ಅಮ್ಮನಿಗೆ ದನಿ ಎತ್ತುವುದು ಮರೆತುಹೋಗಿತ್ತು. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಬಳೆ ಸದ್ದು ಮಾಡಿದರೆ ಊಟಕ್ಕೆ ಎಲೆ ಹಾಕಿದೆ ಎಂದರ್ಥ. ಎರಡು ಸಲ ಮಾಡಿದರೆ ಸಾರು ಆರುತ್ತಿದೆ ಎಂದರ್ಥ. ಹೊರಗೆ ಹೋಗುತ್ತಿದ್ದದ್ದು ಬಸದಿಗೆ, ಅಲ್ಲಿ ಎಲ್ಲರೂ ಮೆಲ್ಲಗೇ ಮಾತಾಡುವವರು. ಜೋಗುಳವನ್ನೂ ಅವಳು ನನ್ನ ಕಿವಿಗಷ್ಟೇ ಕೇಳುವ ಹಾಗೆ ಹಾಡಿರಬೇಕು. ತಮಾಷೆ ನೋಡಿ, ಅಜ್ಜಿ ಪಿಸುಗುಟ್ಟಿದರೆ ವ್ರತ, ನಮ್ಮಮ್ಮ ಪಿಸುಗುಟ್ಟಿದರೆ ಅದಕ್ಕೊಂದು ಹೆಸರೂ ಇಲ್ಲ. ಅಜ್ಜಿಗೆ ಪುಣ್ಯ ಬಂತು, ಅಮ್ಮನಿಗೆ ಒಳ್ಳೆಯ ಸೊಸೆ ಎಂಬ ಮಾತೂ ಬರಲಿಲ್ಲ, ಯಾಕೆಂದರೆ ಎಲ್ಲ ಸೊಸೆಯರೂ ಹಾಗೆಯೇ ಇದ್ದರು. ನನಗೆ ಆಗ ಇದರಲ್ಲಿ ಏನೂ ವಿಶೇಷ ಕಾಣುತ್ತಿರಲಿಲ್ಲ.

ನನಗೆ ಹತ್ತು ತುಂಬುವ ಹೊತ್ತಿಗೆ ಊರಿನ ಶಾಲೆಯಲ್ಲಿ ನಾನು ಓದಬಹುದಾದದ್ದೆಲ್ಲ ಮುಗಿದಿತ್ತು. ಮುಂದೆ ಓದಬೇಕಾದರೆ ಅರಸೀಕೆರೆಯ ಮಿಡ್ಲ್‌ಸ್ಕೂಲಿಗೆ ಹೋಗಬೇಕು. ಅಲ್ಲಿ ಅಮ್ಮನ ತಂಗಿಯ ಮನೆ ಇತ್ತು, ಚಿಕ್ಕಪ್ಪ ರೈಲ್ವೆ ಸ್ಟೇಷನ್ನಿನಲ್ಲಿ ಪಾರ್ಸಲ್ ಗುಮಾಸ್ತರು. ಇಟ್ಟುಕೊಂಡು ಓದಿಸುತ್ತೇವೆ ಎಂದು ಅವರೇ ಹೇಳಿ ಕಳಿಸಿದ್ದರು. ತಾತ ನೋಡೋಣ ಎಂದರು. ತಾತನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಮಂಡಿಯ ಅಭ್ಯಾಸ, ಬೇಡದ ಗಿರಾಕಿಗೂ ಆಮೇಲೆ ಬನ್ನಿ ಎನ್ನುವುದು. ನೋಡೋಣ ಎನ್ನುವಷ್ಟರಲ್ಲಿ ಒಂದು ವರ್ಷ ಕಳೆಯಿತು. ನಾನು ಮನೆಯಲ್ಲಿ ಕೂತು ಹಳೆಯ ಪಾಠಪುಸ್ತಕವನ್ನೇ ಅದರ ಹಾಳೆ ಉದುರುವವರೆಗೆ ಓದಿದೆ. ಆಮೇಲೆ ಕೊಬ್ಬರಿ ಚೀಲದ ಮೇಲಿನ ಅಕ್ಷರ, ಔಷಧಿ ಶೀಸೆಯ ಚೀಟಿ, ಮೂರು ದಿನ ತಡವಾಗಿ ಬರುತ್ತಿದ್ದ ಪೇಪರು, ಏನು ಸಿಕ್ಕಿದರೂ ಓದಿದೆ. ಪೇಪರನ್ನು ತಾತನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ, ಆಗ ಯುದ್ಧದ ಕಾಲ. ತಾತನ ಮನಸ್ಸಿನಲ್ಲಿ ಎಲ್ಲೋ ಒಂದು ಗಂಡು ನೋಡಿಟ್ಟಿದ್ದಾರೆಂದೂ, ಇನ್ನೊಂದೆರಡು ವರ್ಷದಲ್ಲಿ ಮದುವೆಯೆಂದೂ ಬಾವಿಕಟ್ಟೆಯಲ್ಲಿ ಗುಸುಗುಸು ಇತ್ತು. ಆ ವರ್ಷವೂ ತಪ್ಪಿದರೆ ನನ್ನ ಓದು ಮುಗಿದಂತೆಯೇ ಎಂಬುದು ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು.

ಒಂದು ಭಾನುವಾರ ಬೆಳಗ್ಗೆ ಚಿಕ್ಕಪ್ಪ ಹೇಳದೆ ಕೇಳದೆ ಬಂದಿಳಿದರು. ಶಾಲೆಯಲ್ಲಿ ಹೆಸರು ಬರೆಸಲು ನಾಳೆಯೇ ಕೊನೆ, ಮಧ್ಯಾಹ್ನದ ಬಸ್ಸಿಗೆ ಹುಡುಗಿಯನ್ನು ಕಳಿಸಿಕೊಡಿ ಎಂದರು. ದಿನಕ್ಕೆ ಒಂದೇ ಬಸ್ಸು. ಪೆಟ್ರೋಲು ಸಿಗದೆ ಅದರ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಹೊರಡುವುದಕ್ಕೆ ಒಂದು ಗಂಟೆ ಮುಂಚೆ ಒಲೆ ಹಚ್ಚಿ, ಕ್ಲೀನರು ಅದಕ್ಕೆ ಗಾಳಿ ಊದುವ ಚಕ್ರ ತಿರುವುತ್ತ ನಿಲ್ಲಬೇಕು. ಹಾಗಾಗಿ ನಮ್ಮ ಕೈಯಲ್ಲಿ ಇದ್ದ ಸಮಯ, ಬಸ್ಸಿನ ಒಲೆ ಕಾಯುವಷ್ಟು.

ತಾತ ಚಿಕ್ಕಪ್ಪನಿಗೆ ಬೆಲ್ಲ ನೀರು ಕೊಡಿಸಿದರು, ಅರಸೀಕೆರೆಯ ಮಳೆ ವಿಚಾರಿಸಿದರು. ಅಪ್ಪ ಎಂದಿನಂತೆ ಹೂಂ ಎಂದು ಗದ್ದೆಯ ಕಡೆ ಹೋಗಿಬಿಟ್ಟರು. ಕೊನೆಗೆ, ಹೆಣ್ಣುಮಗುವಿನ ವಿಷಯ, ಮನೆಯ ಹಿರಿ ಹೆಂಗಸು ಬಾಯಿಬಿಟ್ಟು ಆಗಲಿ ಎನ್ನದೆ ನಮ್ಮಲ್ಲಿ ಏನೂ ತೀರ್ಮಾನವಾಗುವುದಿಲ್ಲ ಎಂದರು. ಅದು ನಿಜವೇ, ನಮ್ಮ ಮನೆಯ ರೀತಿ ಹಾಗೆಯೇ ಇತ್ತು. ಆದರೆ ಅವತ್ತು ಚತುರ್ದಶಿ. ತಾತನ ಮೀಸೆಯ ಕೆಳಗೆ ಒಂದು ಸಣ್ಣ ನಗು ಸುಳಿದದ್ದನ್ನು ನಾನು ಕಂಬದ ಮರೆಯಿಂದ ನೋಡಿದೆ.

ನಾನು ಒಳಗೆ ಓಡಿದೆ. ಅಜ್ಜಿ ನಡುಮನೆಯಲ್ಲಿ ಜಪಮಣಿ ಹಿಡಿದು ಕೂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ನಾನು ಕಿವಿ ಕೊಟ್ಟೆ. ಕಳಿಸಲಿ ಅಂತ ಹೇಳು, ಇವತ್ತೇ ಕಳಿಸಲಿ ಅಂತ ಹೇಳು ಎಂದು ಪಿಸುಗುಟ್ಟಿದಳು. ನಾನು ಹಜಾರಕ್ಕೆ ಬಂದು, ಒಂದು ಅಕ್ಷರ ಬಿಡದೆ, ಒಂದು ಅಕ್ಷರ ಸೇರಿಸದೆ, ಅದನ್ನೇ ಕೂಗಿದೆ.

ತಾತ ನನ್ನನ್ನು ಹತ್ತಿರ ಕರೆದು ತಲೆ ಸವರಿದರು. “ಮಗಾ, ಜಾವಗಲ್ ಸಂತೆಗೂ ನಿಮ್ಮಜ್ಜಿನೇ ಕಳಿಸಿದ್ಳಲ್ವಾ?” ಎಂದರು.

ಚಿಕ್ಕಪ್ಪನಿಗೆ ಏನೂ ಅರ್ಥವಾಗಲಿಲ್ಲ. ನನಗೆ ಎಲ್ಲ ಅರ್ಥವಾಯಿತು. ನಾಲ್ಕು ವರ್ಷದ ಉದ್ಯೋಗದಲ್ಲಿ, ಕಿವಿ ಹಿಂಡಿಸಿಕೊಂಡ ಮೇಲೆ, ಅದೊಂದು ಸಂದೇಶವನ್ನು ನಾನು ಇದ್ದದ್ದು ಇದ್ದ ಹಾಗೆ ಮುಟ್ಟಿಸಿದ್ದೆ, ಅದನ್ನೇ ಯಾರೂ ನಂಬಲಿಲ್ಲ. ಎರಡು ಕೊಬ್ಬರಿ ಮಿಠಾಯಿಗೆ, ಒಂದು ಡಜನ್ ಬಳೆಗೆ ನನ್ನ ಓದನ್ನೇ ಕೊಟ್ಟುಕೊಂಡೆನಲ್ಲ ಎಂದು ಅಳು ಬಂತು. ಸತ್ಯವಾಗಿಯೂ ಅಜ್ಜಿ ಹೇಳಿದಳು ತಾತ ಎಂದೆ. ಸುಳ್ಳು ಹೇಳಿದ ದಿನಗಳಲ್ಲೂ ನಾನು ಹಾಗೆಯೇ ಹೇಳುತ್ತಿದ್ದೆ.

ಅಷ್ಟರಲ್ಲಿ ಅಜ್ಜಿಯೇ ಎದ್ದು ಹಜಾರಕ್ಕೆ ಬಂದಳು. ನೆಂಟರ ಮುಂದೆ ಬಂದು ನಿಲ್ಲುವುದು ಅವಳ ವಯಸ್ಸಿಗೆ ತಪ್ಪಲ್ಲ. ನೇರ ತಾತನ ಹತ್ತಿರ ಹೋಗಿ ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದಳು. ಏನೆಂದು ನಮಗೆ ಕೇಳಿಸಲಿಲ್ಲ, ಆದರೆ ಏನೆಂದು ನಮಗೆಲ್ಲ ಗೊತ್ತಿತ್ತು. ತಾತ ಪೂರ್ತಿ ಕೇಳಿಸಿಕೊಂಡು ಪಂಚೆ ಸರಿಮಾಡಿಕೊಂಡರು.

“ಇವಳೇ, ಪಿಸುಗುಟ್ಟಿದ್ದು ಮಾತಲ್ಲ ಅಂತ ಬಸದೀಲಿ ಹತ್ತು ಜನರ ಮುಂದೆ ಹೇಳಿದೋಳು ನೀನು” ಎಂದರು. “ಮಾತೇ ಅಲ್ಲ ಅಂದ್ಮೇಲೆ ಅದನ್ನ ಒಪ್ಪಿಗೆ ಅಂತ ನಾನು ಹೆಂಗೆ ತಗೊಳ್ಳಲಿ? ನಾಳೆ ಬೆಳಗ್ಗೆ ಬಾಯಿಬಿಟ್ಟು ಹೇಳು. ಆಗಲಿ ಅಂತೀನಿ.”

ನಾಳೆ ಬೆಳಗ್ಗೆ ಹೇಳಿ, ನಾಳೆ ಮಧ್ಯಾಹ್ನದ ಬಸ್ಸು ಹತ್ತಿ ಹೋದರೆ ಶಾಲೆಯ ಬಾಗಿಲು ಹಾಕಿರುತ್ತದೆ. ಇದು ತಾತನಿಗೂ ಗೊತ್ತಿತ್ತು. ಅವರು ಕೆಟ್ಟವರಲ್ಲ. ನಾನು ಹೋದರೆ ಪೇಪರು ಓದುವವರು ಯಾರು ಎಂಬ ಚಿಂತೆ ಅವರಿಗೆ ಮದುವೆಯ ಚಿಂತೆಗಿಂತ ದೊಡ್ಡದಾಗಿತ್ತೆಂದು ಬಹಳ ವರ್ಷದ ಮೇಲೆ ಅವರೇ ಒಪ್ಪಿಕೊಂಡರು. ಆದರೆ ಅವತ್ತು ಚೌಕಾಸಿಯಲ್ಲಿ ಗೆದ್ದವರ ಖುಷಿ ಅವರ ಮುಖದಲ್ಲಿ ಇತ್ತು, ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

ಕೆಂಚಯ್ಯ ಹೊರಗಿನಿಂದ ಬಂದು, “ಬಸ್ಸಿಗೆ ಬೆಂಕಿ ಹತ್ತೈತೆ ಯಜಮಾನ್ರೇ, ಇನ್ನೇನು ಹೊಂಟ್ಬುಡ್ತದೆ” ಎಂದ. ಚಿಕ್ಕಪ್ಪ ಕೊಡೆ ಎತ್ತಿಕೊಂಡು ನಿಂತರು. ಅವರಿಗೆ ಸೋಮವಾರ ಕೆಲಸಕ್ಕೆ ಹಾಜರಾಗಬೇಕು.

ಅಜ್ಜಿ ಅಲ್ಲೇ ನಿಂತಿದ್ದಳು. ಕೈಯಲ್ಲಿ ಜಪಮಣಿ ಇತ್ತು. ಅದನ್ನು ಒಮ್ಮೆ ಕಣ್ಣಿಗೆ ಒತ್ತಿಕೊಂಡು ಗೂಡಿನಲ್ಲಿಟ್ಟಳು. ನಾಲ್ಕು ವರ್ಷದಲ್ಲಿ ಒಂದು ದಿನ ತಪ್ಪದ ನೇಮ. ಮುನಿಗಳ ಮುಂದೆ ಕೈಮುಗಿದು ಜೀವ ಇರುವ ತನಕ ಎಂದದ್ದು. ನಾವು ಅದನ್ನು ಹಾಸ್ಯ ಮಾಡಿರಬಹುದು, ಅವಳು ಒಂದು ದಿನವೂ ಮಾಡಿರಲಿಲ್ಲ.

“ಹುಡುಗಿ ಹೋಗ್ತಾಳೆ” ಎಂದಳು. ಪೂರ್ತಿ ದನಿಯಲ್ಲಿ, ಬೀದಿಗೆ ಕೇಳುವ ಹಾಗೆ. “ಇವತ್ತೇ ಹೋಗ್ತಾಳೆ. ಈಗ ಕೇಳಿಸ್ತಾ ನಿಮಗೆ?”

ತಾತನ ಮುಖದಿಂದ ಆ ಖುಷಿ ಇಳಿದುಹೋಯಿತು. ಅವರು ಹೀಗಾಗುತ್ತದೆಂದು ಎಣಿಸಿರಲೇ ಇಲ್ಲ. ವ್ರತ ಎಂದರು, ಅದೂ ಪಿಸುಗುಟ್ಟಿದರು. ತಾತ ನಿಜವಾಗಿ ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಮುರಿದವಳು ನಾನು, ಪಾಪವೂ ನನ್ನದೇ, ಪಂಡಿತರು ಹೇಳಿದಷ್ಟು ಉಪವಾಸ ಮಾಡುತ್ತೇನೆ ಎಂದಳು ಅಜ್ಜಿ. ಮೂರು ದಿನ ಮಾಡಿದಳಂತೆ, ಅದು ಆಮೇಲಿನ ಸುದ್ದಿ. ಅಷ್ಟು ಹೇಳಿ ಅಡುಗೆಮನೆಯ ಕಡೆ ತಿರುಗಿದಳು. ಬಾಗಿಲ ಸಂದಿಯಲ್ಲಿ ಅಮ್ಮನ ಸೀರೆಯ ಅಂಚು ಕಾಣುತ್ತಿತ್ತು.

“ಶಾಂತಾ, ಈಚೆಗೆ ಬಾ” ಎಂದಳು. “ಹೆತ್ತೋಳು ನೀನು. ನೀನೂ ಹೇಳು. ಪಿಸುಗುಟ್ಟಬೇಡ.”

ಅಮ್ಮ ಬಂದಳು. ಸೆರಗನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು, ಕೈಗೆ ಅಕ್ಕಿ ಹಿಟ್ಟು ಮೆತ್ತಿತ್ತು. ಮಾವನ ಎದುರು ಹೊಸ್ತಿಲು ದಾಟಿ ನಿಂತದ್ದೇ ಅವಳಿಗೆ ಹೊಸದು. ತುಟಿ ಒಮ್ಮೆ ಅಲುಗಿತು, ಏನೂ ಬರಲಿಲ್ಲ. ಅಭ್ಯಾಸವಾಗಿ ಬಳೆ ಸದ್ದಾಯಿತು. ಅಜ್ಜಿ ಕಾದಳು. ಯಾರಿಗೂ ಕಾಯದ ಅಜ್ಜಿ ಅವತ್ತು ಎಷ್ಟು ಹೊತ್ತು ಕಾದಳೋ.

“ಹೋಗ್ಲಿ ಮಾವ. ಅವಳು ಓದ್ಲಿ” ಎಂದಳು ಅಮ್ಮ.

ನಾನು ಸಣ್ಣ ದನಿ ಬರುತ್ತದೆಂದು ತಿಳಿದಿದ್ದೆ. ಅಮ್ಮನ ದನಿ ಸಣ್ಣದಿರಲಿಲ್ಲ. ದೊಡ್ಡದು, ಸ್ವಲ್ಪ ಒರಟು, ಹಜಾರ ತುಂಬಿ ಬೀದಿಗೆ ಹೋಗಿ ವಾಪಸು ಬರುವಂಥದು. ತಾನೇ ಬೆದರಿ ಬಾಯಿ ಮುಚ್ಚಿಕೊಂಡಳು. ಮೂವತ್ತು ವರ್ಷ ನಾನು ಶಾಲೆಯಲ್ಲಿ ಕೊನೆಯ ಬೆಂಚಿಗೂ ಕೇಳುವ ಹಾಗೆ ಪಾಠ ಮಾಡಿದೆ. ನೆಂಟರೆಲ್ಲ ಅದು ತಾತನ ಗಂಟಲು ಎನ್ನುತ್ತಿದ್ದರು, ನಾನು ತಿದ್ದುವುದಕ್ಕೆ ಹೋಗುತ್ತಿರಲಿಲ್ಲ. ಅದು ಅಮ್ಮನದು.

ತಾತ ಎದ್ದರು. ಮಗುವಿನ ಬಟ್ಟೆಬರೆ ಕಟ್ಟಬೇಕಲ್ಲ, ಅಷ್ಟು ಹೊತ್ತು ಬಸ್ಸು ನಿಲ್ಲುತ್ತದೆಯೇ ಎಂದರು. ಅಜ್ಜಿ ಕೆಂಚಯ್ಯನಿಗೆ ಸನ್ನೆ ಮಾಡಿದಳು. ಅವನು ಅಡುಗೆಮನೆಯ ಪಕ್ಕದ ಕೋಣೆಯಿಂದ ನನ್ನ ತಗಡಿನ ಪೆಟ್ಟಿಗೆ ಎತ್ತಿಕೊಂಡು ಬಂದ. ಅದಕ್ಕೆ ಹಗ್ಗ ಬಿಗಿದು, ಮೇಲೊಂದು ಚಕ್ಕುಲಿ ಡಬ್ಬಿಯನ್ನೂ ಕಟ್ಟಿಯಾಗಿತ್ತು. ಇದೆಲ್ಲ ಯಾವಾಗ ಆಯಿತು ಎಂದು ತಾತ ಕೇಳಿದರು. ಅತ್ತೆ ಸೊಸೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದರು. ಚಿಕ್ಕಪ್ಪ ಭಾನುವಾರವೇ ಯಾಕೆ ಬಂದರು, ಅವರಿಗೆ ಕಾಗದ ಬರೆಸಿ ಹಾಕಿಸಿದ್ದು ಯಾರು ಎಂಬುದೂ ಆಗ ತಾತನಿಗೆ ಹೊಳೆದಿರಬೇಕು. ಅದಕ್ಕೆ ಹಿಂದಿನ ಎರಡು ವಾರ ಅಡುಗೆಮನೆಯಲ್ಲಿ ಎಷ್ಟು ಪಿಸುಮಾತು ನಡೆದಿತ್ತೋ, ಹಜಾರದಲ್ಲಿದ್ದ ಅವರಿಗೆ ಒಂದೂ ಕೇಳಿಸಿರಲಿಲ್ಲ. ತಾತ ಪೆಟ್ಟಿಗೆಯನ್ನು ಕೆಂಚಯ್ಯನ ಕೈಯಿಂದ ತೆಗೆದುಕೊಂಡು ತಾವೇ ಬಸ್ಸಿನವರೆಗೆ ಹೊತ್ತರು.

ಬಸ್ಸು ಹೊಗೆ ಬಿಡುತ್ತ ಹೊರಟಿತು. ಕೆರೆ ಏರಿ ದಾಟುವವರೆಗೆ ನಾನು ಚೆನ್ನಾಗಿಯೇ ಇದ್ದೆ. ಶಾಲೆ, ರೈಲು, ಹೊಸ ಪುಸ್ತಕ ಎಂದು ಏನೇನೋ ಲೆಕ್ಕ ಹಾಕುತ್ತಿದ್ದೆ. ಜಾವಗಲ್ ದಾರಿಯಲ್ಲಿ ಒಮ್ಮೆಲೇ ಅಳು ಬಂತು, ನಿಲ್ಲಿಸಲು ಆಗಲಿಲ್ಲ. ಚಿಕ್ಕಪ್ಪ ಪಾಪ, ಮನೆ ನೆನಪಾಯಿತೇ, ದೀಪಾವಳಿಗೆ ಕಳಿಸುತ್ತೇನೆ ಸುಮ್ಮನಿರು ಎಂದು ಬೆನ್ನು ತಟ್ಟಿದರು. ನನಗೆ ಅಳು ಬಂದದ್ದು ಮನೆ ಬಿಟ್ಟದ್ದಕ್ಕಲ್ಲ, ಅದನ್ನು ಅವರಿಗೆ ಹೇಗೆ ಹೇಳಬೇಕೆಂದು ತಿಳಿಯಲಿಲ್ಲ. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದು, ಅಮ್ಮನ ದನಿಯನ್ನು ಮೊದಲ ಸಲ ಕೇಳಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಅಷ್ಟರಲ್ಲೇ ನಾನು, ಅವಳು ಎಷ್ಟು ಜೋರಾಗಿ ಕರೆದರೂ ಕೇಳಿಸದಷ್ಟು ದೂರ ಬಂದಿದ್ದೆ.